ಓಡಬಾರದ ಕುದುರೆ

ನಮ್ಮ ಕಟ್ಟಡದಲ್ಲಿ ಎಲ್ಲರಿಗಿಂತ ಮೊದಲು ಏಳುತ್ತಿದ್ದವಳು ಗುಬ್ಬಕ್ಕ. ಬೀದಿ ದೀಪಗಳು ಇನ್ನೂ ಆರಿರುತ್ತಿರಲಿಲ್ಲ, ಅಷ್ಟರಲ್ಲಿ ಬೂಟುಗಳನ್ನು ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಮೆಟ್ಟಿಲಿಳಿಯುತ್ತಿದ್ದಳು. ಯಾರ ನಿದ್ದೆಯೂ ಕೆಡಬಾರದು ಎಂಬ ಕಾಳಜಿ. ಆದರೆ ಅವಳು ಕೊನೆಯ ಮೆಟ್ಟಿಲು ಮುಟ್ಟುವ ಹೊತ್ತಿಗೆ ಸರಿಯಾಗಿ ಮೇಲಿನ ಕಿಟಕಿಯಿಂದ ಅವಳ ಅಮ್ಮ, "ಲೇ, ತಲೆಗೆ ಟೋಪಿ ತಗೊಂಡ್ಯಾ?" ಎಂದು ಕೂಗಿ ಇಡೀ ಕಟ್ಟಡವನ್ನೇ ಎಬ್ಬಿಸುತ್ತಿದ್ದರು.

ಗುಬ್ಬಕ್ಕನದು ಬೆಳಗಿನ ಸವಾರಿಯ ಕೆಲಸ. ರೇಸಿನ ದಿನ ಬಣ್ಣದ ಅಂಗಿ ತೊಟ್ಟು ಓಡಿಸುವವರು ಜಾಕಿಗಳು. ಉಳಿದೆಲ್ಲ ದಿನ ಬೆಳ್ಳಂಬೆಳಗ್ಗೆ ಅದೇ ಕುದುರೆಗಳ ಮೇಲೆ ಕೂತು ಮೈ ಬಿಸಿ ಮಾಡಿಸಿ, ಓಡಿಸಿ, ತಣಿಸಿ ಲಾಯಕ್ಕೆ ತಂದು ಕಟ್ಟುವವರು ಇವಳಂಥವರು. ಎಳೆಯ ಕುದುರೆಗಳನ್ನು ಪಳಗಿಸುವುದರಲ್ಲಿ ಅವಳದು ಎತ್ತಿದ ಕೈ. ಮೊದಲ ಸಲ ಬೆನ್ನ ಮೇಲೆ ಜೀನು ಬಿದ್ದಾಗ ಬೆದರಿ ಗೋಡೆಗೆ ಹಾರುವ ಮರಿಗಳು ಅವಳ ಕೈಗೆ ಬಂದರೆ ಬೇಗ ಹದಕ್ಕೆ ಬರುತ್ತಿದ್ದವು. ಆಳು ಪುಟ್ಟದು, ತೂಕ ಇಲ್ಲವೇ ಇಲ್ಲ. ಅದೇ ಲಾಯದಲ್ಲಿ ಕೆಲಸಕ್ಕಿದ್ದ ಅವಳ ಅಪ್ಪ ಚಿಕ್ಕಂದಿನಲ್ಲಿ ಇಟ್ಟ ಅಡ್ಡಹೆಸರು ಗುಬ್ಬಿ. ವಯಸ್ಸಾದಂತೆ ಜೊತೆಗೊಂದು 'ಅಕ್ಕ' ಸೇರಿಕೊಂಡಿತು, ಅಷ್ಟೇ.

ನಾನು ಕೆಳಮನೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದವಳು. ನಮ್ಮ ಸ್ನೇಹ ಬೆಳೆದದ್ದು ಅವಳ ಪ್ಯಾಂಟುಗಳಿಂದ. ಕುದುರೆಯ ಪಕ್ಕೆಗೆ ಒತ್ತಿ ಒತ್ತಿ ಮೊಣಕಾಲಿನ ಒಳಭಾಗ ಸವೆದು ಜಾಲರಿಯಾಗಿರುತ್ತಿತ್ತು. ನಾನು ತೇಪೆ ಹಾಕುವಷ್ಟು ಹೊತ್ತು ಅವಳು ಎದುರಿನ ಸ್ಟೂಲಿನ ಮೇಲೆ ಕೂತು ಚಹಾ ಕುಡಿಯುತ್ತ ಕುದುರೆಗಳ ಕಥೆ ಹೇಳುತ್ತಿದ್ದಳು. ಯಾವುದು ಮುಂಗೋಪಿ, ಯಾವುದು ಕಳ್ಳ, ಯಾವುದಕ್ಕೆ ಪ್ಲಾಸ್ಟಿಕ್ ಚೀಲ ಕಂಡರೆ ಆಗುವುದಿಲ್ಲ. ಕುದುರೆಯನ್ನು ಹತ್ತಿರದಿಂದ ಮುಟ್ಟಿಯೂ ನೋಡದ ನನಗೆ ಆ ಲಾಯದ ಸಂಸಾರವೆಲ್ಲ ಬಾಯಿಪಾಠವಾಗಿತ್ತು.

ಅವಳಿಗೆ ಜಾಕಿ ಆಗಬೇಕೆಂಬ ಆಸೆ ಇತ್ತು. ಅವಳು ಹುಡುಗಿಯಾಗಿದ್ದ ಕಾಲದಲ್ಲಿ, "ಹೆಣ್ಣುಮಗಳನ್ನ ನಂಬಿ ಯಾರಮ್ಮ ಕುದುರೆ ಕೊಡ್ತಾರೆ?" ಎಂದು ನಕ್ಕುಬಿಟ್ಟರು. ಹೆಣ್ಣುಮಕ್ಕಳನ್ನೂ ಹತ್ತಿಸುವ ಕಾಲ ಬರುವಷ್ಟರಲ್ಲಿ ಇವಳ ಕಿವಿಯ ಪಕ್ಕ ಬೆಳ್ಳಿಕೂದಲು ಬಂದಿತ್ತು. ರೇಸಿನ ಮಧ್ಯಾಹ್ನಗಳಲ್ಲಿ ತಾನು ಪಳಗಿಸಿದ ಕುದುರೆ ಇನ್ನೊಬ್ಬರನ್ನು ಹೊತ್ತು ಓಡುವುದನ್ನು ಅವಳು ಕಂಬಿಯ ಹಿಂದೆ ನಿಂತು ನೋಡುತ್ತಿದ್ದಳು. ನಡುವೆ ಒಂದು ಸಂಬಂಧ ಬಂದಿತ್ತಂತೆ. ಗಂಡಿನ ಕಡೆಯವರು ಕುದುರೆ ಹತ್ತುವುದನ್ನು ಬಿಡಬೇಕು ಎಂದರು. "ಗಂಡು ಚೆನ್ನಾಗೇ ಇದ್ದ ಕಣೇ," ಎಂದು ಅವಳೇ ಒಮ್ಮೆ ಹೇಳಿದ್ದಳು, "ಆದ್ರೆ ಬೆಳಗ್ಗೆ ಎದ್ದು ಅವನ ಮುಖ ನೋಡ್ಕೊಂಡು ಕೂತ್ಕೊಳ್ಳೋಷ್ಟು ಚೆನ್ನಾಗಿರ್ಲಿಲ್ಲ."

ಅವಳ ಅಮ್ಮನಿಗೆ ಕುದುರೆ ಎಂದರೆ ಅಷ್ಟಕ್ಕಷ್ಟೇ. "ಅಪ್ಪನಿಗೆ ಕುದುರೆ ಸಿಕ್ತು, ಮಗಳಿಗೆ ಕುದುರೆ ಸಿಕ್ತು, ನನಗೆ ಮಾತ್ರ ಲದ್ದಿ ವಾಸನೆ ಬಟ್ಟೆ ಒಗೆಯೋ ಭಾಗ್ಯ," ಎನ್ನುತ್ತಿದ್ದರು. ಮೂಳೆ ಸವೆದು ಒಮ್ಮೆ ಬಚ್ಚಲಲ್ಲಿ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದರು. ಆಮೇಲೆ ಅವರಿಗೆ ವಾರಕ್ಕೊಂದು ಮಾತ್ರೆ ಬರೆದುಕೊಟ್ಟಿದ್ದರು. ಖಾಲಿ ಹೊಟ್ಟೆಯಲ್ಲಿ ತುಂಬಿದ ಲೋಟ ನೀರಿನ ಜೊತೆ ನುಂಗಿ, ಸ್ವಲ್ಪ ಹೊತ್ತು ಮಲಗದೆ, ಬಗ್ಗದೆ, ಏನೂ ತಿನ್ನದೆ ನೆಟ್ಟಗೆ ಕೂತಿರಬೇಕು. ಮಾತ್ರೆಯ ದಿನ ಬೆಳಗ್ಗೆ ಅವರು ಕಿಟಕಿಯ ಪಕ್ಕದ ಮರದ ಕುರ್ಚಿಯಲ್ಲಿ ಪಟ್ಟಕ್ಕೇರಿದ ರಾಣಿಯ ಹಾಗೆ ಕೂತು, ಬೀದಿಯಲ್ಲಿ ಹೋಗುವವರನ್ನೆಲ್ಲ ವಿಚಾರಿಸಿಕೊಳ್ಳುತ್ತಿದ್ದರು. ತರಕಾರಿಯವನೂ ಪೇಪರಿನವನೂ ಆ ದಿನ ಬೇರೆ ಬೀದಿಯಿಂದ ಸುತ್ತಿಕೊಂಡು ಹೋಗುತ್ತಿದ್ದರೆಂದು ನನ್ನ ಗುಮಾನಿ.

ಗುಬ್ಬಕ್ಕನಿಗೆ ನಲವತ್ತಾರೋ ನಲವತ್ತೇಳೋ ಆಗಿದ್ದಾಗ ಲಾಯಕ್ಕೆ ಸೋಮಾರಿ ಬಂದ.

ಅವನ ರೇಸಿನ ಹೆಸರು ಬೇರೆ ಏನೋ ಉದ್ದಕ್ಕಿತ್ತು. ಕಂದು ಮೈ, ಒಂದೇ ಹಿಂಗಾಲಿಗೆ ಬಿಳಿ ಕಾಲುಚೀಲ ಹಾಕಿದಂಥ ಗುರುತು. ಲಾರಿಯಿಂದ ಇಳಿಸಿದ ಕೂಡಲೇ ಬೇರೆ ಮರಿಗಳೆಲ್ಲ ಬೆದರಿ ಕೆನೆಯುತ್ತಿದ್ದರೆ ಇವನು ನಿಂತಲ್ಲೇ ಬಾಯ್ತುಂಬ ಆಕಳಿಸಿದನಂತೆ. ಅಲ್ಲಿಗೆ ಹೆಸರು ನಿಂತಿತು. ಅವನ ಜೊತೆಗೇ, ಅದೇ ಸಾಕಣೆ ಕೇಂದ್ರದಿಂದ, ಅದೇ ಹರಾಜಿನಲ್ಲಿ ಕೊಂಡ ಒಂದು ಹೆಣ್ಣು ಮರಿಯೂ ಬಂದಿತ್ತು. ತೆಳ್ಳಗೆ, ಕಪ್ಪಗೆ, ಮುಟ್ಟಿದರೆ ಮುನಿ. ಅದಕ್ಕೆ 'ಸೊಸೆ' ಎಂದು ಹೆಸರಿಟ್ಟರು. ಇಬ್ಬರಿಗೂ ಇನ್ನೂ ಎರಡು ವರ್ಷ ತುಂಬಿರಲಿಲ್ಲ.

ಆ ಲಾಯದ ತರಬೇತುದಾರರನ್ನು ಎಲ್ಲರೂ ಕರೆಯುತ್ತಿದ್ದದ್ದು ಮೇಷ್ಟ್ರು ಎಂದೇ. ಒಳ್ಳೆಯವರು, ಹಟಮಾರಿ. ಸೋಮಾರಿಯನ್ನು ಅವರು ಗುಬ್ಬಕ್ಕನ ಕೈಗೇ ಕೊಟ್ಟರು. ಲಗಾಮು ಕಚ್ಚಲು ಕಲಿಸಿದವಳು ಅವಳು, ಮೊದಲ ಸಲ ಬೆನ್ನ ಮೇಲೆ ಅಡ್ಡಡ್ಡ ಮಲಗಿ ಭಾರ ಹೊರಲು ಕಲಿಸಿದವಳು ಅವಳು. ನಡೆದರೆ ಚಪ್ಪಲಿ ಎಳೆದುಕೊಂಡು ಹೋಗುವ ಮುದುಕನಂತೆ ನಡೆಯುವ ಪ್ರಾಣಿ, ಓಟಕ್ಕಿಳಿದರೆ ಬೇರೆಯೇ ಆಗುತ್ತಿತ್ತು. ಒಂದು ಬೆಳಗ್ಗೆ ಮೇಷ್ಟ್ರು, "ಇವತ್ತು ಸ್ವಲ್ಪ ಜೋರಾಗಿ ಹೋಗ್ಲಿ, ನೋಡೋಣ," ಎಂದರಂತೆ. ಆ ದಿನ ಅವಳು ಲಾಯದಿಂದ ನೇರವಾಗಿ ನನ್ನ ಮನೆಗೆ ಬಂದಳು. ಬೂಟು ಕೂಡ ಬಿಚ್ಚಿರಲಿಲ್ಲ.

"ಏನಾಯ್ತೇ?" ಎಂದು ಗಾಬರಿಯಿಂದ ಕೇಳಿದೆ.

"ಏನಿಲ್ಲ. ಒಂದ್ಲೋಟ ನೀರು ಕೊಡು."

ನೀರು ಕುಡಿದು ಲೋಟವನ್ನು ಯಂತ್ರದ ಪಕ್ಕ ಇಟ್ಟಳು. ಆಮೇಲೆ ಹೇಳಿದಳು: "ಇಷ್ಟು ವರ್ಷ ನಾನು ಕುದುರೆ ಓಡಿಸ್ತಿದೀನಿ ಅಂದ್ಕೊಂಡಿದ್ದೆ. ಇವತ್ತು ಗೊತ್ತಾಯ್ತು ಓಟ ಅಂದ್ರೇನು ಅಂತ. ನೆಲಕ್ಕೆ ಕಾಲು ತಾಗೋದೇ ಗೊತ್ತಾಗ್ಲಿಲ್ಲ ಕಣೇ. ಇನ್ನೂ ಇದೆ, ಇನ್ನೂ ಇದೆ ಅಂತ ಅವನು ಒಳಗಿಂದ ಹೇಳ್ತಾನೇ ಇದ್ದ. ನಿಲ್ಲಿಸೋಕೆ ನಂಗೆ ಮನಸ್ಸೇ ಬರ್ಲಿಲ್ಲ. ಕಣ್ಣಲ್ಲಿ ನೀರು ಬಂತು. ಗಾಳಿಗೋ ಏನೋ."

ಗಾಳಿಗಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಸೋಮಾರಿ ಎರಡು ರೇಸು ಗೆದ್ದ. ಕಂಬಿಯ ಹಿಂದೆ ನಿಂತು ಕೂಗಿ ಗುಬ್ಬಕ್ಕನ ಗಂಟಲು ಕಟ್ಟಿತು. ಬೆಳಗಿನ ಓಟ ಮಾತ್ರ ಅವರಿಬ್ಬರದೇ. ಭಾನುವಾರ ಲಾಯಕ್ಕೆ ರಜೆ ಇದ್ದರೆ ಅವಳಿಗೆ ಮುಖ ಬಾಡುತ್ತಿತ್ತು. "ಎಂಥ ಹುಚ್ಚೇ ನಿಂದು?" ಎಂದು ಅಮ್ಮ ಬೈದರೆ, "ನಾಳೆ ಸೋಮವಾರ ಅಲ್ವಾ ಅಮ್ಮ," ಎಂದು ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದಳು.

ಸೊಸೆ ಬಿದ್ದದ್ದು ಅಂಥದೇ ಒಂದು ಸೋಮವಾರ. ಸವಾರಿ ಮಾಡುತ್ತಿದ್ದವನು ಒಣಕಲ ಎಂದು ಕರೆಸಿಕೊಳ್ಳುತ್ತಿದ್ದ ಇನ್ನೊಬ್ಬ ಬೆಳಗಿನ ಸವಾರ. ಗುಬ್ಬಕ್ಕ ಸೋಮಾರಿಯ ಮೇಲೆ ಸ್ವಲ್ಪ ಹಿಂದೆ ಬರುತ್ತಿದ್ದಳು. ತಿರುವಿನಲ್ಲಿ ಒಣಗಿದ ಕೊಂಬೆ ಮುರಿದಂಥ ಒಂದು ಸದ್ದು. ಸೊಸೆಯ ಮುಂಗಾಲು ಮಡಚಿ ಹೋಯಿತು. ಒಣಕಲ ಕಂಬಿಯ ಕಡೆಗೆ ಎಗರಿ ಬಿದ್ದ. ಗುಬ್ಬಕ್ಕ ಸೋಮಾರಿಯ ಲಗಾಮನ್ನು ಮೈಯ ಬಲವೆಲ್ಲ ಹಾಕಿ ಎಳೆದು ಪಕ್ಕಕ್ಕೆ ಹೊರಳಿಸಿದಳು. ಹಿಂತಿರುಗಿ ನೋಡಿದಾಗ ಸೊಸೆ ಮೂರು ಕಾಲಿನ ಮೇಲೆ ನಿಂತು, ನಾಲ್ಕನೆಯದನ್ನು ಊರಲು ಮತ್ತೆ ಮತ್ತೆ ಪ್ರಯತ್ನಿಸುತ್ತಿತ್ತು.

ಲಾಯದ ಕುದುರೆ ವೈದ್ಯೆ ಓಡಿ ಬಂದರು. ಎಲ್ಲರೂ ಅವರನ್ನು ಡಾಕ್ಟ್ರಮ್ಮ ಎನ್ನುತ್ತಿದ್ದರು. ನೋಡಿದ ಕೂಡಲೇ ತಲೆಯಾಡಿಸಿದರು. ಸುತ್ತ ಬಟ್ಟೆಯ ಪರದೆ ಹಿಡಿಸಿ ಕೊನೆಯ ಸೂಜಿ ಚುಚ್ಚಿದರು. ಸೊಸೆಯ ಕಷ್ಟ ಅಲ್ಲಿಗೆ ಮುಗಿಯಿತು. ಒಣಕಲನಿಗೆ ಭುಜದ ಎಲುಬು ಮುರಿದಿತ್ತು, ಜೀವಕ್ಕೇನೂ ಆಗಲಿಲ್ಲ.

ಕೆಲವು ವಾರಗಳ ಮೇಲೆ ಡಾಕ್ಟ್ರಮ್ಮ ಮೇಷ್ಟ್ರನ್ನೂ ಗುಬ್ಬಕ್ಕನನ್ನೂ ಮೇವಿನ ಕೋಣೆಗೆ ಕರೆದರು. ಸೊಸೆಯ ಮುರಿದ ಕಾಲನ್ನು ಅವರು ಪಶುವೈದ್ಯ ಕಾಲೇಜಿಗೆ ಪರೀಕ್ಷೆಗೆ ಕಳಿಸಿದ್ದರು. ಮೂವರೂ ಮೇವಿನ ಚೀಲಗಳ ಮೇಲೆ ಕೂತರಂತೆ. ಅಲ್ಲಿ ನಡೆದ ಮಾತನ್ನು ಗುಬ್ಬಕ್ಕ ಆ ಸಂಜೆಯೇ ನನಗೆ ಹೇಳಿದಳು.

"ಆ ಮೂಳೆಯಲ್ಲಿ ಹಳೇ ಬಿರುಕಿತ್ತು," ಎಂದರಂತೆ ಡಾಕ್ಟ್ರಮ್ಮ. "ಅಂದು ಆಗಿದ್ದಲ್ಲ. ಬಹಳ ಮುಂಚೆ ಆಗಿದ್ದು. ಅಷ್ಟು ಹೊತ್ತಿಗೆ ಅದು ಕೂಡಿಕೊಳ್ಳೋಕೆ ಶುರು ಮಾಡಿರಬೇಕಿತ್ತು. ಶುರುವೇ ಆಗಿಲ್ಲ."

"ಅದು ಕುಂಟಿದ್ದನ್ನ ಯಾರೂ ನೋಡಿಲ್ವಲ್ಲ!" ಎಂದರು ಮೇಷ್ಟ್ರು.

"ಅದಕ್ಕೇ ನಾನು ಸಾಕಣೆ ಕೇಂದ್ರಕ್ಕೆ ಫೋನ್ ಮಾಡಿದೆ. ಮೊದಮೊದಲು ಬಾಯಿ ಬಿಡ್ಲಿಲ್ಲ. ಆಮೇಲೆ ಅಲ್ಲಿನ ಡಾಕ್ಟರೇ ಒಪ್ಕೊಂಡ್ರು. ಹರಾಜಿಗೆ ಮುಂಚೆ ಎಕ್ಸ್‌ರೇ ಚೆನ್ನಾಗಿ ಕಾಣ್ಲಿ ಅಂತ ಆ ವರ್ಷದ ಮರಿಗಳಿಗೆ ಮೂಳೆ ಗಟ್ಟಿ ಮಾಡೋ ಇಂಜೆಕ್ಷನ್ ಕೊಟ್ಟಿದ್ರಂತೆ. ಔಷಧಿ ಪೆಟ್ಟಿಗೆ ಮೇಲೇ ಬರೆದಿರತ್ತೆ, ನಾಲ್ಕು ವರ್ಷದೊಳಗಿನ ಕುದುರೆಗೆ ಬೇಡ ಅಂತ."

ಆ ವರ್ಷದ ಮರಿಗಳು ಎಂದರೆ ಸೊಸೆ. ಸೋಮಾರಿ ಕೂಡ.

"ಗಟ್ಟಿ ಮಾಡೋ ಔಷಧಿ ಅಂತೀರಿ, ಮತ್ತೆ ಮುರಿಯೋದು ಹೇಗೆ?" ಎಂದು ಕೇಳಿದಳು ಗುಬ್ಬಕ್ಕ.

ಡಾಕ್ಟ್ರಮ್ಮ ತಾಳ್ಮೆಯಿಂದ ಬಿಡಿಸಿ ಹೇಳಿದರು. ಮೂಳೆ ಎಂದರೆ ಒಮ್ಮೆ ಕಟ್ಟಿ ಮುಗಿಸಿದ ಗೋಡೆಯಲ್ಲ; ಹಳೆಯದನ್ನು ಕಿತ್ತು ಹೊಸದನ್ನು ಕಟ್ಟುವ ಕೆಲಸ ಒಳಗೆ ನಡೆಯುತ್ತಲೇ ಇರುತ್ತದೆ. ಎಳೆಯ ಕುದುರೆ ಓಡಲು ಶುರು ಮಾಡಿದಾಗ ಮೂಳೆಯಲ್ಲಿ ಕಣ್ಣಿಗೆ ಕಾಣದ ಬಿರುಕುಗಳು ಏಳುತ್ತವೆ. ಮೈ ಆ ಜಾಗವನ್ನು ಕಿತ್ತು, ಓಟಕ್ಕೆ ತಕ್ಕಂತೆ ಮತ್ತೆ ಕಟ್ಟಿಕೊಳ್ಳುತ್ತದೆ. ಈ ಔಷಧಿ ಕೀಳುವವರ ಕೈ ಕಟ್ಟಿಹಾಕುತ್ತದೆ. ಹಳೆಯದನ್ನು ಕೀಳದೆ ಹೊಸದನ್ನು ಕಟ್ಟುವುದೆಲ್ಲಿ? ಎಕ್ಸ್‌ರೇಯಲ್ಲಿ ಮೂಳೆ ದಪ್ಪಗೆ, ಚಂದಕ್ಕೆ ಕಾಣುತ್ತದೆ. ಬಿರುಕು ಬಿರುಕಾಗಿಯೇ ಉಳಿದುಬಿಡಬಹುದು. ಸಾಲದ್ದಕ್ಕೆ ನೋವನ್ನೂ ಅದು ಸ್ವಲ್ಪ ಮಟ್ಟಿಗೆ ಅಡಗಿಸುತ್ತದೆ.

"ಸೊಸೆ ಅದರಿಂದಲೇ ಸತ್ತಿದ್ದು ಅಂತ ನಾನು ಆಣೆ ಮಾಡಿ ಹೇಳಲ್ಲ," ಎಂದು ಸೇರಿಸಿದರು. "ಈ ಔಷಧಿ ಮುಟ್ಟದ ಕುದುರೆಗಳೂ ಕಾಲು ಮುರ್ಕೋತವೆ. ಆದ್ರೆ ಅಲ್ಲ ಅಂತಾನೂ ಹೇಳಕ್ಕಾಗಲ್ಲ."

"ರಕ್ತ ಪರೀಕ್ಷೆ ಮಾಡ್ಸಿದ್ರೆ?" ಎಂದರು ಮೇಷ್ಟ್ರು.

"ರಕ್ತದಲ್ಲಿ ಬೇಗ ಕಾಣದೇ ಹೋಗತ್ತೆ. ಮೂಳೆ ಒಳಗೆ ಮಾತ್ರ ವರ್ಷಗಟ್ಟಲೆ ಕೂತಿರತ್ತೆ."

ಸಂಜೆ ನನ್ನ ಮನೆಯಲ್ಲಿ ಗುಬ್ಬಕ್ಕ ಚಹಾ ಮುಟ್ಟಲೇ ಇಲ್ಲ. "ಕುದುರೆ ಬೆನ್ನ ಮೇಲೆ ಕೂತ್ರೆ ಅದರ ಮೈಯೆಲ್ಲ ನಂಗೆ ಗೊತ್ತಾಗತ್ತೆ ಅಂತ ಜಂಬ ಕೊಚ್ಕೋತಿದ್ನಲ್ಲ," ಎಂದಳು. "ಅವನಿಗೂ ಎಲ್ಲೋ ಬಿರುಕು ಬಿಟ್ಟಿರಬಹುದು. ನೋವಿದ್ರೆ ತಾನೇ ಹೇಳ್ತಾನೆ? ಅವನ ಬಾಯಿ ಮುಚ್ಚಿಸಿ ನಮ್ಮ ಕೈಗೆ ಕೊಟ್ಟಿದಾರೆ. ನಾನು ಅವನ ಮೇಲೆ ಕೂತು ಖುಷಿ ಪಡ್ತಿದ್ದೆ."

ಮೇಲೆ ಅವಳ ಅಮ್ಮನಿಗೂ ವಿಷಯ ತಿಳಿಯಿತು. ಆ ಇಂಜೆಕ್ಷನ್ನೂ ತಮ್ಮ ವಾರದ ಮಾತ್ರೆಯೂ ಒಂದೇ ಮನೆತನದವು ಎಂದು ಕೇಳಿ ಅವರು ಹೌಹಾರಿದರು. "ಮುದುಕಿ ಮಾತ್ರೆ ಆಡೋ ಮಕ್ಕಳಿಗಾ? ಯಾವನಿಗೆ ತಲೆ ಕೆಟ್ಟಿತ್ತು?" ಎಂದು ಕೂಗಾಡಿ, ಇನ್ನು ಮೇಲೆ ತಾನೂ ನುಂಗುವುದಿಲ್ಲ ಎಂದು ಹಟ ಹಿಡಿದರು. ಡಾಕ್ಟ್ರಮ್ಮನಿಗೆ ಫೋನು ಹಚ್ಚಿ ಅವರಿಂದಲೇ ಹೇಳಿಸಬೇಕಾಯಿತು: "ಅಮ್ಮ, ನಿಮ್ಮ ವಯಸ್ಸಲ್ಲಿ ಕೀಳೋರು ಜಾಸ್ತಿ, ಕಟ್ಟೋರು ಕಮ್ಮಿ. ಅದಕ್ಕೇ ಅದು ನಿಮಗೆ ಬೇಕು. ನಿಮ್ಮ ಡಾಕ್ಟರನ್ನ ಕೇಳದೆ ಬಿಡಬೇಡಿ." ಅಮ್ಮ ಫೋನಿಟ್ಟು, "ನನಗೆ ಕಟ್ಟೋರು ಕಮ್ಮಿ ಅಂತೆ," ಎಂದು ಮುಖ ಊದಿಸಿಕೊಂಡರು.

ಮರುದಿನ ಗುಬ್ಬಕ್ಕ ಮೇಷ್ಟ್ರಿಗೆ ನೇರವಾಗಿ ಹೇಳಿದಳು: "ಸೋಮಾರಿನ ಇನ್ನು ಓಡಿಸಬಾರದು ಮೇಷ್ಟ್ರೇ."

ಮೇಷ್ಟ್ರು ಕೆಟ್ಟವರಲ್ಲ ಎಂದೆನಲ್ಲ. ಅವರಿಗೂ ರಾತ್ರಿ ನಿದ್ದೆ ಬಂದಿರಲಿಲ್ಲ. ಅವನ ನಾಲ್ಕೂ ಕಾಲಿನ ಎಕ್ಸ್‌ರೇ ತೆಗೆಸಿದರು. ಮುಂಗಾಲೊಂದರಲ್ಲಿ ನೆರಳಿನಂಥ ಒಂದು ಗೆರೆ. ಬಿರುಕೂ ಇರಬಹುದು, ಏನೂ ಇಲ್ಲದೆಯೂ ಇರಬಹುದು ಎಂದರು ಡಾಕ್ಟ್ರಮ್ಮ.

"ಇರಬಹುದು, ಇಲ್ಲದಿರಬಹುದು," ಎಂದು ಮೇಷ್ಟ್ರು ತಲೆ ಹಿಡಿದುಕೊಂಡರು. "ಕುದುರೆ ಕುಂಟ್ತಾ ಇಲ್ಲ. ಮೇವು ಬಿಟ್ಟಿಲ್ಲ. ಗೆಲ್ತಾ ಇದೆ. ಏನಂತ ಹೇಳಿ ಮಾಲೀಕರ ಮುಂದೆ ನಿಲ್ಲಲಿ ಗುಬ್ಬಿ?"

"ನಾನಂತೂ ಹತ್ತಲ್ಲ."

"ನೀನು ಹತ್ತದಿದ್ರೆ ಇನ್ನೊಬ್ಬ ಹತ್ತುತ್ತಾನೆ."

ಆ ಮಾತು ನಿಜವೆಂದು ಅವಳಿಗೂ ಗೊತ್ತಿತ್ತು. ತಾನು ಕೆಳಗಿಳಿದರೆ ತನ್ನ ಕಾಲು ಉಳಿಯುತ್ತದೆ, ಅವನದಲ್ಲ. ಆಗ ಅವಳು ಅಲ್ಲಿಯವರೆಗೆ ಮಾಡದ ಕೆಲಸ ಮಾಡಿದಳು. ಮೇಷ್ಟ್ರಿಗೆ ಹೇಳಿಯೇ, ಮಾಲೀಕರ ಬಾಗಿಲಿಗೆ ಹೋದಳು. ಒಬ್ಬಳೇ ಹೋಗಲು ಧೈರ್ಯ ಸಾಲದೆ ನನ್ನನ್ನೂ ಎಳೆದುಕೊಂಡು ಹೋದಳು.

ಸೋಮಾರಿಯ ಮಾಲೀಕರು ದಂತವೈದ್ಯರು. ಪೇಟೆಯ ನಡುವೆ, ಔಷಧಿ ಅಂಗಡಿಯ ಮೇಲೆ ಅವರ ಚಿಕಿತ್ಸಾಲಯ. ಹೊರಗಿನ ಬೆಂಚಿನಲ್ಲಿ ಕೆನ್ನೆ ಹಿಡಿದುಕೊಂಡು ಕೂತವರ ನಡುವೆ ನಾವೂ ಕೂತೆವು. ಒಳಗಿನಿಂದ ಯಂತ್ರದ ಕೀರಲು ಸದ್ದು ಬಂದಾಗಲೆಲ್ಲ ಗುಬ್ಬಕ್ಕ ನನ್ನ ಮೊಣಕೈ ಗಟ್ಟಿಯಾಗಿ ಹಿಡಿಯುತ್ತಿದ್ದಳು. ಬೆದರಿದ ಕುದುರೆಗಳ ಮೇಲೆ ಕೂರುವ ಹೆಂಗಸು!

ನಮ್ಮ ಸರದಿ ಬಂದಾಗ ಅವರು ಕೈ ತೊಳೆಯುತ್ತ, "ಯಾರಿಗಮ್ಮ ಹಲ್ಲು ನೋವು?" ಎಂದರು.

"ಯಾರಿಗೂ ಇಲ್ಲ ಸಾರ್. ನಾನು ನಿಮ್ಮ ಕುದುರೆಗೆ ಬೆಳಗಿನ ಸವಾರಿ ಮಾಡಿಸೋಳು."

ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದ ಮಾತೆಲ್ಲ ಅವಳಿಗೆ ಮರೆತುಹೋಯಿತು. ಹಿಂದುಮುಂದಾಗಿ, ತಡವರಿಸುತ್ತ ಎಲ್ಲ ಹೇಳಿದಳು. ಹರಾಜು, ಇಂಜೆಕ್ಷನ್, ಸೊಸೆ, ನೆರಳಿನ ಗೆರೆ. ಇಂಜೆಕ್ಷನ್ನಿನ ಹೆಸರು ಕೇಳಿದ ಕೂಡಲೇ ದಂತವೈದ್ಯರು ಟವೆಲನ್ನು ಕೆಳಗಿಟ್ಟರು.

"ಕುದುರೆಗಾ? ಎರಡು ವರ್ಷ ತುಂಬದ ಕುದುರೆಗಾ?"

"ಹೂಂ ಸಾರ್."

ಅವರು ಕುರ್ಚಿ ಎಳೆದು ನಮ್ಮೆದುರು ಕೂತರು. "ವಯಸ್ಸಾದೋರು ಹಲ್ಲು ಕೀಳಿಸೋಕೆ ಬಂದ್ರೆ ನಾನು ಕೇಳೋ ಮೊದಲ ಪ್ರಶ್ನೆ ಏನು ಗೊತ್ತಾ? ಮೂಳೆಗೆ ಔಷಧಿ ತಗೋತಿದೀರಾ ಅಂತ. ತಗೋತಿದ್ರೆ ನಾನು ಎರಡು ಸಲ ಯೋಚನೆ ಮಾಡ್ತೀನಿ. ಎಲ್ಲರಿಗೂ ಆಗಲ್ಲ, ಅಪರೂಪ. ಆದ್ರೆ ಆದಾಗ ಹಲ್ಲು ಕಿತ್ತ ಜಾಗ ವಾಸೀನೇ ಆಗಲ್ಲ. ದವಡೆ ಮೂಳೆ ಹಾಗೇ ತೆರ್ಕೊಂಡು ಕೂತಿರತ್ತೆ, ತಿಂಗಳುಗಟ್ಟಲೆ. ನಾನು ಕಣ್ಣಾರೆ ನೋಡಿದೀನಿ." ಕುರ್ಚಿಯಲ್ಲಿ ಹಿಂದಕ್ಕೊರಗಿ, "ಅಂಥ ಮೂಳೆ ಮೇಲೆ ಅವನು ನನಗೋಸ್ಕರ ಎರಡು ರೇಸು ಓಡಿದಾನೆ," ಎಂದರು.

ನಾವು ವಾದಕ್ಕೆ ಸಿದ್ಧರಾಗಿ ಹೋಗಿದ್ದೆವು. ವಾದವೇ ಬೇಕಾಗಲಿಲ್ಲ. ಊರ ಹೊರಗೆ ಅವರ ತಂಗಿಯದೊಂದು ಹಣ್ಣಿನ ತೋಟವಿತ್ತು, ಅದರ ಹಿಂದೆ ಹುಲ್ಲುಗಾವಲು. ಸೋಮಾರಿ ಅಲ್ಲಿರಲಿ ಎಂದರು. ಮೂಳೆಯೊಳಗೆ ಕೂತ ಔಷಧಿ ಯಾವಾಗ ಬಿಟ್ಟುಹೋಗುತ್ತದೆಂದು ಡಾಕ್ಟ್ರಮ್ಮನೂ ಹೇಳಲಾರರು. "ಕಾಯೋಣ," ಎಂದರು, ಅಷ್ಟೇ.

ಲಾರಿ ಹತ್ತಿಸುವ ದಿನ ಗುಬ್ಬಕ್ಕನೇ ಅವನನ್ನು ಹಿಡಿದು ನಡೆಸಿದಳು. ಅವನು ಎಂದಿನಂತೆ ಕಾಲೆಳೆಯುತ್ತ ಬಂದು, ಹಲಗೆಯ ಮುಂದೆ ನಿಂತು, ಓಟದ ಹಾದಿಯ ಕಡೆಗೆ ಕಿವಿ ನಿಮಿರಿಸಿ ನೋಡಿದನಂತೆ. ಅದು ಅವರಿಬ್ಬರೂ ದಿನಾ ಓಟಕ್ಕೆ ಹೋಗುವ ಹೊತ್ತು.

ಆಮೇಲೆ ಮೇಷ್ಟ್ರು ಬಹಳ ದಿನ ಅವಳೊಡನೆ ಸರಿಯಾಗಿ ಮಾತಾಡಲಿಲ್ಲ. ಒಳ್ಳೆಯ ಕುದುರೆ ಕೈತಪ್ಪಿದ ಸಂಕಟ ಅವರಿಗೆ. ಲಾಯದಲ್ಲಿರುವ ಕಚ್ಚುವ, ಒದೆಯುವ, ಲಗಾಮಿಗೆ ಬಗ್ಗದ ಕುದುರೆಗಳೆಲ್ಲ ಅವಳ ಪಾಲಿಗೆ ಬಂದವು. ಅವಳು ದೂರಲಿಲ್ಲ. ಆದರೆ ಸವೆದ ಪ್ಯಾಂಟು ತಂದು ನನ್ನೆದುರು ಕೂತಾಗ ಕಥೆ ಹೇಳುವುದು ನಿಂತುಹೋಯಿತು. "ಇವತ್ತಿನದು ಹೇಗಿತ್ತು?" ಎಂದರೆ "ಓಡ್ತು" ಎನ್ನುವಳು. ನನ್ನ ಯಂತ್ರದ ಸದ್ದು ಕೇಳುತ್ತ ಹಾಗೇ ಎಲ್ಲೋ ಹೋಗಿಬಿಡುವಳು. ಒಮ್ಮೆ ನಾನು ಸೂಜಿ ನಿಲ್ಲಿಸಿ ನೋಡಿದರೆ ಅವಳ ಎರಡು ಕೈಯೂ ಮಡಿಲಲ್ಲಿ ಮೃದುವಾಗಿ ಏನನ್ನೋ ಹಿಡಿದುಕೊಂಡ ಹಾಗೆ ಮುಚ್ಚಿದ್ದವು.

ಭಾನುವಾರ ಬಂದರೆ ಮಾತ್ರ ಅವಳಿಗೆ ಜೀವ ಬರುತ್ತಿತ್ತು. ಎರಡು ಬಸ್ಸು ಬದಲಾಯಿಸಿ, ಚೀಲದ ತುಂಬ ಗಜ್ಜರಿ ಹೊತ್ತುಕೊಂಡು ತೋಟಕ್ಕೆ ಹೋಗುತ್ತಿದ್ದಳು. ಕೆಲವು ಸಲ ನಾನೂ ಜೊತೆಗಿರುತ್ತಿದ್ದೆ. ಹುಲ್ಲುಗಾವಲಿನ ಬೇಲಿಯ ಮೇಲೆ ಗಲ್ಲ ಊರಿ ಅವನು ಮೇಯುವುದನ್ನು ನೋಡುತ್ತ ಗಂಟೆಗಟ್ಟಲೆ ನಿಲ್ಲುವಳು. ಹತ್ತಿರ ಬಂದರೆ ಕೊರಳು ತಬ್ಬಿಕೊಳ್ಳುವಳು, ಮುಂಗಾಲನ್ನು ಮೇಲಿನಿಂದ ಕೆಳಗಿನವರೆಗೆ ಸವರುವಳು. ಬೆನ್ನ ಮೇಲೆ ಕೈ ಇಟ್ಟು ಸುಮ್ಮನಿರುವಳು. ಹತ್ತುತ್ತಿರಲಿಲ್ಲ.

ಒಂದು ಭಾನುವಾರ ತೋಟದ ನಾಯಿ ಏನನ್ನೋ ಅಟ್ಟಿಸಿಕೊಂಡು ಬೇಲಿಯೊಳಗೆ ನುಗ್ಗಿತು. ಸೋಮಾರಿ ತಲೆಯೆತ್ತಿದ. ಬಾಲ ಮೇಲೆದ್ದಿತು. ಮರುಕ್ಷಣ ಅವನು ಹೊರಟುಬಿಟ್ಟ. ನಾನು ಅವನ ಓಟವನ್ನು ಕಂಡದ್ದು ಅದೇ ಮೊದಲು. ಗಾವಲಿನ ಆ ತುದಿಯಿಂದ ಈ ತುದಿಗೆ ಕಂದು ಬಣ್ಣದ ನೀರು ಕಟ್ಟೆಯೊಡೆದು ಹರಿದಂತೆ.

"ಅಯ್ಯೋ, ನಿಲ್ಲೋ! ನಿಲ್ಲೋ ರಾಜ, ಬೇಡ ಕಣೋ!" ಎಂದು ಗುಬ್ಬಕ್ಕ ಕೂಗಿದಳು. ಅವಳ ಮುಖ ಬಿಳಿಚಿಕೊಂಡಿತ್ತು. ಆದರೆ ನಾನು ಅವಳ ಕಾಲುಗಳನ್ನು ನೋಡುತ್ತಿದ್ದೆ. ಮೊಣಕಾಲು ಬಾಗಿ, ಬೆನ್ನು ಮುಂದಕ್ಕೆ ಬಗ್ಗಿ, ಬೇಲಿಯ ಈಚೆ ನೆಲದ ಮೇಲೆ ನಿಂತೇ ಅವಳು ಅವನ ಜೊತೆ ಓಡುತ್ತಿದ್ದಳು. ಬಾಯಿ ಬೇಡ ಎನ್ನುತ್ತಿತ್ತು, ಮೈ ಹೂಂ ಎನ್ನುತ್ತಿತ್ತು. ಅವನು ತಾನಾಗಿಯೇ ನಿಧಾನವಾಗಿ, ಬುಸುಗುಡುತ್ತ ಬಂದು ಅವಳ ಭುಜಕ್ಕೆ ಮೂತಿ ಒತ್ತಿದಾಗ ಅವಳು ಅಲ್ಲೇ ಕುಸಿದು ಕೂತು ಅತ್ತಳು. ಅವನ ಕಾಲಿಗೆ ಏನೂ ಆಗಿರಲಿಲ್ಲ.

ಹೀಗೇ ವರ್ಷಗಳು ಕಳೆದವು. ಗುಬ್ಬಕ್ಕನ ಅಮ್ಮ ತೀರಿಕೊಂಡರು. ನಿದ್ದೆಯಲ್ಲೇ, ಯಾರಿಗೂ ತೊಂದರೆ ಕೊಡದೆ. ಬೆಳಗ್ಗೆ ಕಿಟಕಿಯಿಂದ ಕೂಗುವವರಿಲ್ಲದೆ ಕಟ್ಟಡದ ಮಂದಿಯೆಲ್ಲ ಕೆಲವು ದಿನ ಕೆಲಸಕ್ಕೆ ತಡವಾಗಿ ಹೋದರು. ರೇಸಿನವರು ಎಳೆಯ ಕುದುರೆಗಳಿಗೆ ಆ ಔಷಧಿ ಕೊಡಬಾರದೆಂದು ನಿಯಮ ಮಾಡಿದರು. ಹರಾಜಿನಲ್ಲಿ ಕೊಂಡ ಮರಿಗಳನ್ನು ಮೇಷ್ಟ್ರು ಈಗ ಡಾಕ್ಟ್ರಮ್ಮ ಒಪ್ಪದೆ ಲಾಯಕ್ಕೆ ಇಳಿಸುವುದಿಲ್ಲ. ಔಷಧಿ ಕೊಟ್ಟದ್ದನ್ನು ಕಂಡುಹಿಡಿಯುವುದು ಇಂದಿಗೂ ಕಷ್ಟವೇ ಅಂತೆ. "ಕೇಳ್ತೀವಿ, ಅವರು ಇಲ್ಲ ಅಂತಾರೆ, ನಂಬ್ತೀವಿ," ಎಂದು ಮೇಷ್ಟ್ರು ಒಮ್ಮೆ ಗುಬ್ಬಕ್ಕನೆದುರು ನಿಟ್ಟುಸಿರು ಬಿಟ್ಟರಂತೆ. ಅಷ್ಟು ಹೊತ್ತಿಗೆ ಅವರ ಮುನಿಸು ಕರಗಿತ್ತು. ಅವಳೂ ಐವತ್ತು ದಾಟಿ, ಬೆಳಗಿನ ಸವಾರಿ ಬಿಟ್ಟು, ಹೊಸ ಸವಾರರಿಗೆ ಹೇಳಿಕೊಡುವ ಕೆಲಸಕ್ಕೆ ಬಂದಿದ್ದಳು.

ಕಳೆದ ವರ್ಷ ಡಾಕ್ಟ್ರಮ್ಮ ಸಣ್ಣ ಯಂತ್ರವೊಂದನ್ನು ಕಾರಿನಲ್ಲಿ ತಂದು ತೋಟದಲ್ಲೇ ಸೋಮಾರಿಯ ಕಾಲಿನ ಎಕ್ಸ್‌ರೇ ತೆಗೆದರು. ನೆರಳಿನ ಗೆರೆ ಇರಲಿಲ್ಲ.

"ವಾಸಿ ಆಗಿದೆಯಾ?" ಎಂದಳು ಗುಬ್ಬಕ್ಕ.

"ಆಗಿರೋ ಹಾಗಿದೆ. ಇನ್ನು ಮೇಲೆ ಹತ್ತಬಹುದು. ನಡಿಗೆ, ಹೆಚ್ಚಂದ್ರೆ ಸಣ್ಣ ಕುಕ್ಕುಲೋಟ. ಜೋರು ಓಟ ಮಾತ್ರ ಬೇಡ. ಯಾವತ್ತಿಗೂ ಬೇಡ ಅಂತಾನೇ ನಾನು ಹೇಳೋದು. ಮೇಲೆ ಕಾಣೋದನ್ನ ಅಷ್ಟೇ ನಾನು ನೋಡಬಲ್ಲೆ."

ಗುಬ್ಬಕ್ಕ ಬಹಳ ಹೊತ್ತು ಜೀನಿನ ಪಟ್ಟಿಗಳನ್ನು ಸರಿಮಾಡುತ್ತ ನಿಂತಳು. ಆಮೇಲೆ ದಂತವೈದ್ಯರ ತಂಗಿ ತಂದಿಟ್ಟ ಮಣೆಯ ಮೇಲೆ ಕಾಲಿಟ್ಟು ಹತ್ತಿದಳು. ಸೋಮಾರಿಯ ಕಿವಿ ಹಿಂದಕ್ಕೆ ಹೊರಳಿತು, ಬೆನ್ನ ಮೇಲಿನವರು ಯಾರೆಂದು ಕೇಳುವ ಹಾಗೆ. ಅವಳೇನೋ ಹೇಳಿದಳು. ನನಗೆ ಕೇಳಿಸಲಿಲ್ಲ. ಇಬ್ಬರೂ ಹೊರಟರು. ಅದೇ ಚಪ್ಪಲಿ ಎಳೆಯುವ ನಡಿಗೆ.

ಗಾವಲಿನ ಉದ್ದದ ಬದಿಗೆ ತಿರುಗಿದಾಗ ಅವನ ಕೊರಳು ಕಮಾನಾಯಿತು. ಹೆಜ್ಜೆ ಚಿಕ್ಕದಾಗಿ, ಕುಣಿಯತೊಡಗಿತು. ಎದುರಿಗೆ ಹಸಿರು ನೆಲ, ಕಲ್ಲಿಲ್ಲ, ಅಡ್ಡವಿಲ್ಲ. ಒಂದು ಸಲ ಕೈ ಸಡಿಲಿಸಿದರೆ ಸಾಕು ಎಂದು ನನಗೂ ತಿಳಿಯುತ್ತಿತ್ತು. ನಾನು ಬೇಲಿಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಅವಳು ಸಡಿಲಿಸಲಿಲ್ಲ. ಜಗ್ಗಲೂ ಇಲ್ಲ. ಹೂವಿನ ದಂಟು ಹಿಡಿದಷ್ಟು ಹಗುರಾಗಿ ಹಿಡಿದು, ನಡಿಗೆಯಲ್ಲೇ ಆ ಬದಿಯನ್ನು ದಾಟಿಸಿ, ಮರಗಳ ನೆರಳಿಗೆ ಕರೆತಂದಳು.

ವಾಪಸು ಬಸ್ಸಿಗೆ ಕಾಯುವಾಗ ಅವಳು ಖಾಲಿ ಗಜ್ಜರಿ ಚೀಲವನ್ನು ಮಡಚಿಟ್ಟಳು.

"ಅವನು ಕೇಳಿದ ಕಣೇ," ಎಂದಳು. "ಹೋಗೋಣ್ವಾ ಅಂತ."

"ನೀನೇನಂದೆ?"

"ಬೇಡ ಅಂದೆ."

ನಾನು ಕೇಳಿದೆ: "ಹೀಗೇ ಬೇಡ ಬೇಡ ಅಂತಿದ್ರೆ ಒಂದಿನ ಅವನು ಕೇಳೋದನ್ನೇ ಬಿಡ್ತಾನೇನೋ?"

ಅವಳು ತೋಟದ ಕಡೆಗೆ ನೋಡಿದಳು. ಅಲ್ಲಿಂದ ಗಾವಲು ಕಾಣುತ್ತಿರಲಿಲ್ಲ, ಮರಗಳ ತುದಿ ಮಾತ್ರ.

"ಬಿಡೋದು ಬೇಡ," ಎಂದಳು. "ಕೇಳ್ತಾ ಇರ್ಲಿ."

ಬಸ್ಸು ಬಂತು. ಇಬ್ಬರೂ ಹತ್ತಿದೆವು. ಅವಳು ಈಗಲೂ ಪ್ರತಿ ಭಾನುವಾರ ಹೋಗುತ್ತಾಳೆ. ಗಾವಲಿನ ಸುತ್ತ ಒಂದು ಸುತ್ತು, ಕೆಲವೊಮ್ಮೆ ಎರಡು, ನಡಿಗೆಯಲ್ಲಿ.